ರೇಷ್ಮೆ ಸಂಸ್ಥೆ ಮೆಟ್ರೊದಿಂದ ಆಚೆ ಇರೋರು ಮನವಿಯಲ್ಲಿ ಮೊದಲು ಏನು ಕೇಳಬೇಕು?

ಚಿಕ್ಕಪೇಟೆ ಲೆಕ್ಕದಮ್ಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕನಕಪುರ ರಸ್ತೆ ಬಲ್ಲವರು, ರಸ್ತೆ ಕೆಲಸ ಬಲ್ಲವರು, ಬಸ್ಸು ಬಲ್ಲವರು ಯಾರಾದರೂ ಇದ್ದರೆ ಸ್ವಲ್ಪ ಬುದ್ಧಿ ಹೇಳಿ.

ನಮ್ಮ ಮನೆ ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯ ಕಗ್ಗಲೀಪುರದ ಹತ್ತಿರ ಒಂದು ಬಡಾವಣೆಯಲ್ಲಿದೆ. 2016ರಲ್ಲಿ ಸೈಟು ಕೊಂಡಾಗ ಸುತ್ತ ರಾಗಿ ಹೊಲ, ಹಿಂದೆ ಒಂದು ಮಾವಿನ ತೋಪು, ಕತ್ತಲಾದರೆ ನರಿ ಕೂಗು. ಈಗ ನಮ್ಮ ಬೀದಿಯಲ್ಲೇ 40 ಮನೆ. ನಾನು ಚಿಕ್ಕಪೇಟೆಯಲ್ಲಿ ಸೀರೆ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಲೆಕ್ಕ ಬರೀತೀನಿ, 19 ವರ್ಷ ಆಯ್ತು. 2021ರ ಸಂಕ್ರಾಂತಿಗೆ ಮೆಟ್ರೊ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆ ನಿಲ್ದಾಣಕ್ಕೆ ಬಂತಲ್ಲ, ಅವತ್ತು ನಮ್ಮನೇಲಿ ಎಳ್ಳು ಬೀರೋದಕ್ಕಿಂತ ಆ ಸುದ್ದಿ ಬೀರಿದ್ದೇ ಹೆಚ್ಚು. ಇನ್ನು ಕಷ್ಟ ತೀರಿತು ಅಂದುಕೊಂಡಿದ್ದೆ.

ಅರ್ಧ ತೀರಿತು. ರೇಷ್ಮೆ ಸಂಸ್ಥೆಯಲ್ಲಿ ಹತ್ತಿದರೆ ಚಿಕ್ಕಪೇಟೆಗೆ ಹೆಚ್ಚುಕಡಿಮೆ ಅರ್ಧ ಗಂಟೆ. ಮಳೆ ಬರಲಿ, ಕರಗ ಇರಲಿ, ಅದು ಬದಲಾಗಲ್ಲ. ಆದರೆ ನಮ್ಮನೆಯಿಂದ ರೇಷ್ಮೆ ಸಂಸ್ಥೆಗೆ ಬರೋ ಏಳೆಂಟು ಕಿಲೋಮೀಟರ್ ಇದೆಯಲ್ಲ, ಅದೇ ನನ್ನ ಪ್ರಾಣ ತಿನ್ನುತ್ತೆ.

ಲೆಕ್ಕ ಬರೆಯೋದು ಕಸುಬಾದ್ದರಿಂದ ಕಳೆದ ತಿಂಗಳು ಸುಮ್ಮನಿರಲಾರದೆ ಪುಟ್ಟ ಡೈರಿ ಇಟ್ಟೆ. ಮನೆ ಬಿಟ್ಟ ಹೊತ್ತು, ಹೆದ್ದಾರಿ ದಾಟಿದ ಹೊತ್ತು, ಬಸ್ ಹತ್ತಿದ ಹೊತ್ತು, ನಿಲ್ದಾಣದ ಮೆಟ್ಟಿಲು ಹತ್ತಿದ ಹೊತ್ತು. ಕೆಲಸದ ದಿನ 21. ಅತಿ ಬೇಗ ತಲುಪಿದ ದಿನ 26 ನಿಮಿಷ, ಅತಿ ತಡವಾದ ದಿನ 1 ಗಂಟೆ 12 ನಿಮಿಷ. 21ರಲ್ಲಿ 13 ದಿನ ನಾನು ಬಸ್ಸಿನೊಳಗೆ ಕೂತ (ಕೂತ ಅಂದರೆ ನಿಂತ) ಹೊತ್ತಿಗಿಂತ ಬಸ್ಸಿಗೆ ಕಾದ ಹೊತ್ತೇ ಜಾಸ್ತಿ. ಇನ್ನೊಂದು ಖರ್ಚು ನಾನು ಯಾವತ್ತೂ ಎಣಿಸಿರಲಿಲ್ಲ: ರಸ್ತೆ ದಾಟೋದು. ನಮ್ಮ ಬಡಾವಣೆ ಹೆದ್ದಾರಿಯ ಪೂರ್ವಕ್ಕೆ, ಬೆಂಗಳೂರಿನ ಕಡೆಗೆ ಹೋಗೋ ಬಸ್ಸು ಪಶ್ಚಿಮದ ಅಂಚಿಗೆ ನಿಲ್ಲುತ್ತೆ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಲಾರಿಗಳ ನಡುವೆ ಸಂದು ಸಿಗೋವರೆಗೆ ಆರು ನಿಮಿಷ, ಎಂಟು ನಿಮಿಷ ನಿಂತಿದ್ದೀನಿ. ಒಂದು ದಿನ ನಾನು ಇತ್ತ ಕಡೆ ನಿಂತಿದ್ದ ಹಾಗೇ ನನ್ನ ಬಸ್ಸು ಅತ್ತ ಕಡೆ ಬಂತು, ನಿಂತಿತು, ಹೋಯಿತು. ಡೈರೀಲಿ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದೀನಿ.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಬಡಾವಣೆ ಸಂಘದವರು ಶಾಸಕರಿಗೆ ಕೊಡೋಕೆ ಮನವಿ ಬರೆದಿದ್ದಾರೆ. 14 ಬೇಡಿಕೆ. ಮೊದಲನೇದು ಮೆಟ್ರೊ ಹಾರೋಹಳ್ಳಿಗೆ ಬರಬೇಕು. ಎರಡನೇದು ಊರ ಮೇಲೆ ಮೇಲುರಸ್ತೆ, ಅಂದರೆ ಫ್ಲೈಓವರ್. ಮೂರನೇದು ಆರು ಪಥ. ಹೀಗೇ ಇಳೀತಾ ಇಳೀತಾ 11ಕ್ಕೆ ಬಸ್ ತಂಗುದಾಣ, 13ಕ್ಕೆ ದಾಟೋ ವ್ಯವಸ್ಥೆ. 14 ಬೀದಿನಾಯಿ. ನಾನು ಖಜಾಂಚಿ, ನನ್ನ ಸಹಿಯೂ ಬೇಕು. ‘11ನ್ನೂ 13ನ್ನೂ ಮೇಲೆ ತನ್ನಿ’ ಅಂದೆ. ‘ಆಂಟಿ, ಕೇಳೋದಾದ್ರೆ ದೊಡ್ಡದು ಕೇಳಬೇಕು, ಚಿಕ್ಕದು ಕೇಳಿದ್ರೆ ಚಿಕ್ಕದೇ ಕೊಡ್ತಾರೆ’ ಅಂದ ನಮ್ಮ ಕಾರ್ಯದರ್ಶಿ. ಆ ಹುಡುಗನ ಮಾತಲ್ಲೂ ಹುರುಳಿದೆ ಅನ್ನಿಸಿ ಬಾಯಿ ಮುಚ್ಚಿಕೊಂಡೆ.

ಭಾನುವಾರ ಸಭೆ. ನಾನು ಹೇಳ್ತಿರೋದು ಬರೀ ಬಸ್ಸಿನವಳ ಗೊಣಗಾಟವೋ, ಅಥವಾ ಅದಕ್ಕೇನಾದರೂ ಬೆಲೆ ಇದೆಯೋ, ಹೇಳಿ.

ಡಾಂಬರು ನಿವೃತ್ತ

ಅಮ್ಮಾ, ಹೆದ್ದಾರಿ ಕೆಲಸದಲ್ಲಿ 31 ವರ್ಷ ಕಳೆದು ಈಗ ಮನೆಯಲ್ಲಿ ಕೂತಿದ್ದೇನೆ. ನಿಮ್ಮ ಡೈರಿಯಂಥದ್ದನ್ನು ನಮ್ಮ ಕಾಲದಲ್ಲಿ ಯಾರೂ ನಮಗೆ ತಂದುಕೊಟ್ಟಿರಲಿಲ್ಲ. ಅದನ್ನು ಮನವಿಗೆ ಲಗತ್ತಿಸಿ, ಉಳಿದದ್ದು ಆಮೇಲೆ.

ನಾವು ಸಂಚಾರ ಎಣಿಸುವುದು ಹೇಗೆ ಗೊತ್ತೇ? ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ಇಳಿಸುತ್ತೇವೆ. ಬಸ್ಸು ಅಂದರೆ ಸುಮಾರು ಮೂರು ಕಾರಿಗೆ ಸಮ. ಜಾಗ ಹಿಡಿಯುವ ಮಟ್ಟಿಗೆ ಅದು ಸರಿಯೇ. ಆದರೆ ಆ ಬಸ್ಸಿನಲ್ಲಿ 60 ಜನ, ಮೂರು ಕಾರಿನಲ್ಲಿ ನಾಲ್ಕು ಜನ ಇದ್ದರು ಅನ್ನುವುದು ನಮ್ಮ ಹಾಳೆಯಲ್ಲಿ ಕಾಣುವುದೇ ಇಲ್ಲ. ರಸ್ತೆ ದಾಟಲು ನಿಂತ ನೀವಂತೂ ಯಾವ ಕಾಲಂನಲ್ಲೂ ಇಲ್ಲ. ಹಾಗಾಗಿ ವಾಹನ ಲೆಕ್ಕ ಹಿಡಿದು ಹೊರಟರೆ ಉತ್ತರ ‘ಅಗಲ ಮಾಡಿ’ ಅಂತಲೇ ಬರುತ್ತದೆ. ಪ್ರಶ್ನೆಯೊಳಗೇ ಉತ್ತರ ಇರುತ್ತದೆ.

ನಿಮ್ಮ ರಸ್ತೆಯ ತೊಡಕು ಬೇರೆ. ಹಿಂದೆ 209 ಅನ್ನುತ್ತಿದ್ದ, ಈಗ 948 ಆಗಿರುವ ಆ ಹೆದ್ದಾರಿ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ ಹಾಯ್ದು ಕೊಯಮತ್ತೂರಿಗೆ ಹೋಗುವ ದಾರಿ. ಕೊಯಮತ್ತೂರಿನ ಲಾರಿಗೂ, ಹಾಲಿನ ಡೈರಿಗೆ ಕ್ಯಾನು ಹಿಡಿದು ಹೊರಟ ಹುಡುಗನಿಗೂ ಅದೇ ಒಂದು ದಾರಿ. ಒಂದೇ ಒರೆಯಲ್ಲಿ ಎರಡು ಕತ್ತಿ. ಬೇರೆ ಮಾಡದೆ ಅಗಲ ಮಾಡಿದರೆ ಲಾರಿಯ ವೇಗ ಹೆಚ್ಚುತ್ತದೆ, ನೀವು ದಾಟಬೇಕಾದ ದೂರವೂ ಹೆಚ್ಚುತ್ತದೆ. ಆರು ನಿಮಿಷ ನಿಲ್ಲುವವರು ಹತ್ತು ನಿಮಿಷ ನಿಲ್ಲುತ್ತೀರಿ. ಆರು ಪಥ ಕೇಳುವುದಾದರೆ ಅದೇ ವಾಕ್ಯದಲ್ಲಿ ಎರಡೂ ಬದಿಗೆ ಸೇವಾ ರಸ್ತೆ (ಸ್ಥಳೀಯ ಓಡಾಟಕ್ಕೆ ಹೆದ್ದಾರಿ ಪಕ್ಕದ ರಸ್ತೆ), ದಾಟಲು ನೆಲಮಟ್ಟದ ಸಿಗ್ನಲ್ ಅಥವಾ ಕೆಳಸೇತುವೆ ಕೇಳಿ. ಬೇರೆ ಬೇರೆ ಕಲಮಿನಲ್ಲಿ ಬರೆದರೆ ಮೊದಲನೆಯದು ಮಂಜೂರಾಗಿ ಎರಡನೆಯದು ‘ಮುಂದಿನ ಹಂತ’ ಆಗುತ್ತದೆ. ನನ್ನ ಕೈಯಲ್ಲೇ ಹಾಗೆ ಆಗಿದೆ, ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಪಾದಚಾರಿ ಮೇಲುಸೇತುವೆಯನ್ನು ಮಾತ್ರ ಕೇಳಬೇಡಿ. ತರಕಾರಿ ಚೀಲ ಹೊತ್ತವರು ಅದನ್ನು ಹತ್ತುವುದಿಲ್ಲ.

ಮೇಲುರಸ್ತೆಯ ಬಗ್ಗೆ ಎರಡೇ ಮಾತು. ಅದು ಗಂಟನ್ನು ಬಿಚ್ಚುವುದಿಲ್ಲ, ಮುಂದಿನ ಸಿಗ್ನಲ್ಲಿಗೆ ಸಾಗಿಸುತ್ತದೆ. ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ತುಮಕೂರು ರಸ್ತೆಯ ಪೀಣ್ಯದ್ದನ್ನು ನೋಡಿ. 2021ರ ಡಿಸೆಂಬರಿನಲ್ಲಿ ಕೇಬಲ್ ತೊಂದರೆಯಿಂದ ಮುಚ್ಚಿದ್ದು, ಭಾರಿ ವಾಹನಗಳಿಗೆ ಎರಡು ವರ್ಷಕ್ಕೂ ಮಿಗಿಲಾಗಿ ಬಾಗಿಲು ಹಾಕಿತ್ತು.

ಮೆಟ್ರೊ ಕೇಳಿ, ಬೇಡವೆನ್ನುವುದಿಲ್ಲ. ಆದರೆ 2ನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ, ನಿಮ್ಮ ರೇಷ್ಮೆ ಸಂಸ್ಥೆಗೆ ರೈಲು ಬಂದದ್ದು 2021ರಲ್ಲಿ. ಆರು ಕಿಲೋಮೀಟರ್ ಚಿಲ್ಲರೆ, ಐದು ನಿಲ್ದಾಣ, ಏಳು ವರ್ಷ. ಅಲ್ಲಿಯವರೆಗೆ ನಿಮ್ಮ ಡೈರಿ ಎಷ್ಟು ಸಂಪುಟ ಆಗುತ್ತದೋ ನೋಡಿಕೊಳ್ಳಿ.

ಇನ್ನೊಂದು, ನಿಮ್ಮ ಕಾರ್ಯದರ್ಶಿಗೆ ಹೇಳಿ: 2017ರ ಮೆಟ್ರೊ ರೈಲು ನೀತಿ ಪ್ರಕಾರ ನಿಲ್ದಾಣದ ಎರಡೂ ಬದಿ ಐದು ಕಿಲೋಮೀಟರ್ ವ್ಯಾಪ್ತಿಗೆ ಸಂಪರ್ಕ ಬಸ್ಸು, ನಡೆದಾಡುವ ದಾರಿ ಕೊಡುತ್ತೇವೆಂದು ರಾಜ್ಯವೇ ಯೋಜನಾ ವರದಿಯಲ್ಲಿ ಮಾತು ಕೊಡಬೇಕು. ಸಣ್ಣ ಬೇಡಿಕೆ ಅಂತ ನೀವು ಹಿಂಜರಿಯುತ್ತಿರುವುದು ದೊಡ್ಡ ಬೇಡಿಕೆಯ ಷರತ್ತೇ ಆಗಿದೆ.

ಚಿಕ್ಕಪೇಟೆ ಲೆಕ್ಕದಮ್ಮ

ಸರ್, ಐದು ಕಿಲೋಮೀಟರ್ ಅಂದರಲ್ಲ, ನಾವು ಏಳೆಂಟು ಕಿಲೋಮೀಟರಿನಲ್ಲಿದ್ದೀವಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅನ್ನೋ ಹಾಗಾಯ್ತು.

ಡಾಂಬರು ನಿವೃತ್ತ

ಹೌದು, ಹೊರಗೇ ಉಳಿಯುತ್ತೀರಿ. ಆದರೆ ಐದನೇ ಕಿಲೋಮೀಟರಿಗೆ ಬಂದ ಬಸ್ಸು ತಿರುಗಲು ಜಾಗ ಹುಡುಕಬೇಕಲ್ಲ? ಆ ಜಾಗ ಕಗ್ಗಲೀಪುರದಲ್ಲಿ ನೀವೇ ತೋರಿಸಿ.

ಮಾದಾವರದ ರೈಲು

ನಾವು ಹಸಿರು ಮಾರ್ಗದ ಇನ್ನೊಂದು ತುದಿಯವರು. ನಾಗಸಂದ್ರಕ್ಕೆ ಮೆಟ್ರೊ ಬಂದದ್ದು 2015ರ ಮೇ 1. ಅಲ್ಲಿಂದ ಮಾದಾವರಕ್ಕೆ 3.14 ಕಿಲೋಮೀಟರ್, ಮೂರು ನಿಲ್ದಾಣ. ತೆರೆದದ್ದು 2024ರ ನವೆಂಬರ್ 7. ಒಂಬತ್ತೂವರೆ ವರ್ಷ! ನಮ್ಮ ಪಕ್ಕದ ಮನೆ ಮಗು ನಡೆಯೋಕೆ ಕಲಿತು, ಶಾಲೆ ಸೇರಿ, ಮೂರನೇ ಕ್ಲಾಸಿಗೆ ಬಂತು. ಆ ಅಷ್ಟೂ ವರ್ಷ ‘ಇನ್ನೇನು ಮೆಟ್ರೊ ಬರುತ್ತಲ್ಲ’ ಅಂತ ಬಸ್ಸು ಕೇಳೋದನ್ನೇ ಬಿಟ್ಟಿದ್ವಿ. ಅದೊಂದು ತಪ್ಪು ನೀವು ಮಾಡಬೇಡಿ.

ಸ್ಟೀರಿಂಗ್ ಸ್ವಾಮಿ

ಮೇಡಂ, 26 ವರ್ಷ ಬಸ್ಸು ಓಡಿಸಿದ್ದೀನಿ, ಅದರಲ್ಲಿ ಆರು ವರ್ಷ ಈ ಕನಕಪುರ ರಸ್ತೇಲೇ. ನಿಮ್ಮ 1 ಗಂಟೆ 12 ನಿಮಿಷ ಯಾಕೆ ಆಯ್ತು ಅಂತ ಹೇಳ್ತೀನಿ ಕೇಳಿ.

ನೀವು ಕಾಯ್ತಿರೋ ಬಸ್ಸು ನಿಮ್ಮೂರಲ್ಲಿ ಹುಟ್ಟಲ್ಲ. ಅದು ಕೆ.ಆರ್. ಮಾರ್ಕೆಟ್‌ನಿಂದ ಬಂದು, ನಿಮ್ಮಲ್ಲಿ ತಿರುಗಿ ವಾಪಸ್ ಹೋಗಬೇಕು. ಬೆಳಗಾಗೆದ್ದು ಬನಶಂಕರೀಲೋ ಸಾರಕ್ಕಿಲೋ ಸಿಕ್ಕಿಹಾಕಿಕೊಂಡ್ರೆ, ಸುಮಾರು 15 ಕಿಲೋಮೀಟರ್ ಆಚೆ ಕಗ್ಗಲೀಪುರದಲ್ಲಿ ನಿಮಗೆ ಬಸ್ ಇಲ್ಲ. ನಿಮ್ಮ ರಸ್ತೆ ಅವತ್ತು ಖಾಲಿ ಹೊಡೀತಾ ಇರಬಹುದು, ಆದ್ರೂ ಬಸ್ಸಿಲ್ಲ. ಜನ ಡ್ರೈವರಿಗೆ ಬೈತಾರೆ. ಎಲ್ಲಿಯದೋ ಟ್ರಾಫಿಕ್ಕನ್ನ ನಾವು ಗಾಡೀಲಿ ಹೇರಿಕೊಂಡು ಬಂದು ನಿಮಗೆ ಇಳಿಸ್ತೀವಿ ಅಷ್ಟೇ.

ಅದಕ್ಕೇ ‘ಜಾಸ್ತಿ ಬಸ್ ಬಿಡಿ’ ಅಂತ ಬರೀಬೇಡಿ. ಎಲ್ಲರೂ ಬರೀತಾರೆ ಅದನ್ನ. ‘ಕಗ್ಗಲೀಪುರ, ರೇಷ್ಮೆ ಸಂಸ್ಥೆ, ಅಷ್ಟೇ, ಸಣ್ಣ ಟ್ರಿಪ್’ ಅಂತ ಬರೀರಿ. ಲೆಕ್ಕದಮ್ಮ ನೀವು, ನೀವೇ ನೋಡಿ: ಹೋಗೋಕೆ 25 ನಿಮಿಷ, ಬರೋಕೆ 25, ಎರಡು ಕಡೆ ಐದೈದು ನಿಮಿಷ ನಿಲ್ಲೋದು. ಒಂದು ಸುತ್ತು ಒಂದು ಗಂಟೆ. ನಾಲ್ಕು ಗಾಡಿ ಕೊಟ್ರೆ 15 ನಿಮಿಷಕ್ಕೊಂದು. ನಾಲ್ಕೇ ಗಾಡಿ! ಒಂದು ತಡವಾದ್ರೂ ಹಿಂದಿಂದು ಬರ್ತಿರುತ್ತೆ. ಮಾರ್ಕೆಟ್‌ವರೆಗೂ ಹೋಗೋರಿಗೆ ಹಳೇ ಬಸ್ಸು ಇರಲಿ, ಅದನ್ನ ಮುಟ್ಟಬೇಡಿ. ಮುದುಕರು, ಮೂಟೆ ಇರೋರು ಮೆಟ್ರೊ ಹತ್ತಲ್ಲ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಆದಮೇಲಂತೂ ಹಳ್ಳಿ ಕಡೆಯೋರು ಬಸ್ಸನ್ನೇ ನಂಬ್ಕೊಂಡಿದ್ದಾರೆ. 2025ರ ಫೆಬ್ರವರೀಲಿ ಮೆಟ್ರೊ ದರದ ಮೇಲಿನ ಮಿತಿ 60ರಿಂದ 90 ರೂಪಾಯಿಗೆ ಏರಿತು. ಅದೂ ನಿಮ್ಮ ಲೆಕ್ಕದಲ್ಲಿರಲಿ.

ಬಸ್ಸು ತಿರುಗೋ ಜಾಗ ಅಂದ್ರಲ್ಲ ಆ ಸಾಹೇಬ್ರು, ಅವರು ಸರಿಯಾಗಿ ಹೇಳಿದ್ರು. ಬಸ್ ತಿರುಗಿಸೋ ಜಾಗ ಇಲ್ಲದ ಊರಿಗೆ ಯಾವ ಡಿಪೋನೂ ಟ್ರಿಪ್ ಹಾಕಲ್ಲ. ಜೊತೆಗೆ ಒಂದು ಶೌಚಾಲಯ. ನಗಬೇಡಿ. ಡ್ರೈವರು ಕಂಡಕ್ಟರು ಎಲ್ಲಿ ಹೋಗಬೇಕು? ಈಗ ಲೇಡಿ ಕಂಡಕ್ಟರ್‌ಗಳೂ ಇದ್ದಾರೆ. ಎಷ್ಟೋ ಊರಲ್ಲಿ ಆ ಒಂದು ಕಾರಣಕ್ಕೇ ಐದು ನಿಮಿಷ ನಿಲ್ಲಬೇಕಾದ ಗಾಡಿ ನಿಲ್ಲದೆ ವಾಪಸ್ ಹೊರಟುಬಿಡುತ್ತೆ.

ಸ್ಟಾಪಿನಲ್ಲಿ ಬೆಳಗ್ಗೆ 7ರಿಂದ 10ರವರೆಗೆ ಎಷ್ಟು ಜನ ನಿಲ್ತಾರೆ, ಎಲ್ಲಿಗೆ ಹೋಗ್ತಾರೆ, ಒಂದು ವಾರ ಬರೆದು ಡಿಪೊ ಮ್ಯಾನೇಜರ್ ಕೈಗೆ ಕೊಡಿ. ಶಾಸಕರಿಗೆ ಕೊಟ್ರೂ ಆ ಕಾಗದ ಸುತ್ತಿ ಸುತ್ತಿ ಅವರ ಟೇಬಲ್ಲಿಗೇ ಬರೋದು.

ಎಕ್ಸೆಲ್ ಶೀಟು

ಎಲ್ಲರೂ ಬಸ್ಸು ಬಸ್ಸು ಅಂತಿದ್ದೀರಿ. ನನ್ನ ಆಫೀಸು ಬೆಳ್ಳಂದೂರಿನಲ್ಲಿ. ಮೆಟ್ರೊದಲ್ಲಿ ಹೋಗಿ ಎಲ್ಲಿ ಇಳಿಯಲಿ? ನೈಸ್ ಅನ್ನೋ ಟೋಲ್ ರಸ್ತೆ ಹಿಡಿದು ಕಾರಿನಲ್ಲಿ ಹೋಗೋರೂ ಇದೇ ಊರಿನವರೇ, ತೆರಿಗೆ ಕಟ್ಟೋರೇ. ನೈಸ್ ರಸ್ತೆ ಜಂಕ್ಷನ್‌ವರೆಗೆ ನಮಗೂ ರಸ್ತೆ ಬೇಕಲ್ಲ.

ಡಾಂಬರು ನಿವೃತ್ತ

ಖಂಡಿತ ಬೇಕು. ಬಸ್ಸು ನಿಲ್ಲುವುದಕ್ಕೆ, ಶೇರ್ ಆಟೊ ನಿಲ್ಲುವುದಕ್ಕೆ ಪಕ್ಕದಲ್ಲಿ ಜಾಗ ಆದರೆ ನಿಮ್ಮ ಕಾರಿನ ಮುಂದೆ ಒಂದು ಪಥ ತಾನಾಗಿ ಬಿಡುಗಡೆಯಾಗುತ್ತದೆ. ಈಗ ಅಲ್ಲಿ ಪಥ ಇದೆ, ಆಟೊ ಹಿಡಿದುಕೊಂಡಿದೆ. ಇದಕ್ಕಾಗಿ ನಿಮ್ಮಿಬ್ಬರ ನಡುವೆ ಜಗಳ ಬೇಕಿಲ್ಲ.

ರಾಗಿ ಹೊಲ

ನೀವೆಲ್ಲ ಓದಿದೋರು ಮಾತಾಡ್ತಿದ್ದೀರ. ನಾನು ಇಲ್ಲೇ ಹುಟ್ಟಿದೋನು, ನಮ್ಮ ಜಮೀನು ಹೆದ್ದಾರಿ ಪಕ್ಕಕ್ಕೇ ಇತ್ತು. ಇತ್ತು ಅಂದ್ರೆ, ನಮ್ಮಪ್ಪನ ಕಾಲದಲ್ಲಿ ಒಂದಿಷ್ಟು ರಸ್ತೆಗೆ ಹೋಯ್ತು. ದುಡ್ಡು ಬರೋ ಹೊತ್ತಿಗೆ ಅಪ್ಪ ಇರಲಿಲ್ಲ.

ಆರು ಪಥ ಅಂತ ಬರೆಯೋರು ಒಂದು ತಿಳ್ಕೊಳ್ಳಿ. ಹೆದ್ದಾರಿ ಕಾಯ್ದೇಲಿ ಜಮೀನು ತಗೊಳ್ಳೋಕೆ 3ಎ ಅಂತ ನೋಟಿಸ್ ಹೊರಡಿಸ್ತಾರೆ, ಆಕ್ಷೇಪಣೆ ಹಾಕೋಕೆ ನಮಗೆ 21 ದಿನ. ನೀವು ಸೈಟಿನೋರು ಇಂಗ್ಲಿಷ್ ಪೇಪರ್ ಓದಿ ಖುಷಿಪಡೋ ಹೊತ್ತಿಗೆ ನಮ್ಮ 21 ದಿನ ಮುಗಿದಿರುತ್ತೆ. ನಗರದ ಉತ್ತರಕ್ಕೂ ಪೂರ್ವಕ್ಕೂ ಪೆರಿಫೆರಲ್ ರಿಂಗ್ ರಸ್ತೆ ಅಂತ 73 ಕಿಲೋಮೀಟರ್ ಗೆರೆ ಎಳೆದು ಹತ್ತತ್ರ ಇಪ್ಪತ್ತು ವರ್ಷ ಆಯ್ತು. ಅಲ್ಲಿನ ರೈತರು ಮಾರೋಕೂ ಆಗದೆ, ಕಟ್ಟೋಕೂ ಆಗದೆ ಕೂತವ್ರೆ. ಗೆರೆ ಎಳೆಯೋದು ಸುಲಭ ಕಣಮ್ಮ.

ಇನ್ನೊಂದು ಮಾತು. ಬೇಜಾರು ಮಾಡ್ಕೋಬೇಡಿ. ಈ ಊರಲ್ಲಿ ಬಡಾವಣೆ ಎಷ್ಟಿವೆಯೋ ಗೇಟೂ ಅಷ್ಟೇ, ಎಲ್ಲಾ ಗೇಟೂ ಹೆದ್ದಾರಿಗೇ ಬಾಯಿ ತೆಗೆದಿವೆ. ಪಕ್ಕದ ಬಡಾವಣೆಗೆ ಹೋಗಬೇಕಾದ್ರೂ ಹೆದ್ದಾರಿಗೆ ಇಳಿದು, ಮುಂದೆ ಹೋಗಿ, ಯೂ ಟರ್ನ್ ಹೊಡೆದು ಬರಬೇಕು. ಹಾಲಿಗೂ ಹೆದ್ದಾರಿ, ಸ್ಕೂಲಿಗೂ ಹೆದ್ದಾರಿ, ಕೊತ್ತಂಬರಿ ಸೊಪ್ಪಿಗೂ ಹೆದ್ದಾರಿ. ಆಮೇಲೆ ಟ್ರಾಫಿಕ್ ಜಾಸ್ತಿ ಅಂತ ನೀವೇ ಅಂತೀರಿ.

ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ನಕಾಶೆ ಕಂಡ ಬಂಡಿದಾರಿ ಇತ್ತು. ಊರ ಶಾಲೆ ಹಿಂದಿಂದ ಹೊರಟು, ಮಾವಿನ ತೋಪಿನ ಅಂಚಿಗೆ ಬಂದು, ಕೆರೆ ಏರಿ ಸೇರ್ತಿತ್ತು. ಎರಡು ಗಾಡಿ ಎದುರುಬದುರು ಹೋಗೋವಷ್ಟು ಅಗಲ. ಬಡಾವಣೆ ಸಂಘದ ಮೇಡಂ ಯಾವ ಬಡಾವಣೆ ಅಂತ ಬರೆದಿಲ್ಲ. ಆದ್ರೆ ಹಿಂದೆ ಮಾವಿನ ತೋಪು ಇತ್ತು ಅಂತ ಬರೆದವ್ರೆ. ಆ ತೋಪಿನ ಅಂಚಿಗೆ ಈಗ ಒಂದು ಹತ್ತಡಿ ಗೋಡೆ ಐತೆ, ಮೇಲೆ ಗಾಜಿನ ಚೂರು. ಗ್ರಾಮ ನಕಾಶೆ ಭೂಮಾಪನ ಇಲಾಖೆ ವೆಬ್‌ಸೈಟಲ್ಲೇ ಸಿಗ್ತದೆ, ತೆಗೆದು ನೋಡಿ. ಜೋಡಿ ಚುಕ್ಕೆ ಗೆರೆ ಇದ್ರೆ ಬಂಡಿದಾರಿ, ಒಂಟಿ ಚುಕ್ಕೆ ಗೆರೆ ಇದ್ರೆ ಕಾಲುದಾರಿ. ಸುಮ್ಮನೆ ನೋಡಿ.

ಡಾಂಬರು ನಿವೃತ್ತ

ಯಜಮಾನರೇ, 31 ವರ್ಷದಲ್ಲಿ ನಾನು ಹೆದ್ದಾರಿಯ ನಕ್ಷೆ ಬಿಡಿಸಿದ್ದು ಬಿಟ್ಟರೆ ಅದರ ಪಕ್ಕದ ಗ್ರಾಮ ನಕಾಶೆಯನ್ನು ತೆರೆದದ್ದು ಕಡಿಮೆ. ನೀವು ಹೇಳಿದ್ದು ಎಲ್ಲಕ್ಕಿಂತ ಅಗ್ಗದ ಕೆಲಸ. ಅಂಥ ದಾರಿ ಸರ್ಕಾರದ್ದೇ ಆದ್ದರಿಂದ ಸ್ವಾಧೀನವೂ ಬೇಕಿಲ್ಲ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿದರೆ ಆಯಿತು. ಸ್ಥಳೀಯ ಓಡಾಟ ಹೆದ್ದಾರಿಗೆ ಇಳಿಯದಿದ್ದರೆ ನಾವು ಕಟ್ಟಬೇಕಾದ ಸೇವಾ ರಸ್ತೆಯಲ್ಲಿ ಅರ್ಧ ಉಳಿಯುತ್ತದೆ.

ಚಿಕ್ಕಪೇಟೆ ಲೆಕ್ಕದಮ್ಮ

ಎಲ್ಲರಿಗೂ ಉತ್ತರ ಕೊಡೋಕೆ ಎರಡು ದಿನ ತಡವಾಯ್ತು, ಕಾರಣ ಇದೆ.

ನಕಾಶೆ ತೆಗೆದೆ. ಜೋಡಿ ಚುಕ್ಕೆ ಗೆರೆ ಇದೆ. ಶನಿವಾರ ಸಂಜೆ ಎದುರು ಮನೆಯವರನ್ನು ಕರೆದುಕೊಂಡು ಹಿಂಬದಿಗೆ ಹೋದೆ. ನಮ್ಮ ಗೋಡೆ, ಅದಕ್ಕೆ ಒರಗಿದ ಹಾಗೆ ಜನರೇಟರ್ ಶೆಡ್ಡು, ಪಕ್ಕದಲ್ಲಿ ಹುಡುಗರ ಷಟಲ್ ಕೋರ್ಟು. ಗೋಡೆಯ ಆಚೆಗೆ ಏನಿದೆ ಅಂತ ಇಷ್ಟು ವರ್ಷ ನಾನು ಇಣುಕಿಯೂ ನೋಡಿರಲಿಲ್ಲ. ಕುರ್ಚಿ ಹಾಕಿಕೊಂಡು ಗಾಜಿನ ಚೂರಿನ ಸಂದಿಯಿಂದ ನೋಡಿದೆ. ಲಂಟಾನ ಬೆಳೆದಿದೆ, ಆದರೆ ನಡುವೆ ದಾರಿಯ ಸುಳಿವು ಕಾಣುತ್ತೆ, ಒಂದು ಕಡೆ ಸವೆದ ಕಲ್ಲು. ಅದರ ತುದಿಗೆ ಶಾಲೆಯ ಹೆಂಚು ಕಾಣ್ತಿತ್ತು. ಶಾಲೆ ದಾಟಿದರೆ ಸರ್ಕಲ್ಲು, ಅಲ್ಲಿ ಪೊಲೀಸಿನವರು ಇರ್ತಾರೆ, ರಸ್ತೆ ದಾಟಬಹುದು.

ಮನೆಗೆ ಬಂದು ಸಂಘದ ಹಳೇ ಖರ್ಚಿನ ಪುಸ್ತಕ ತೆಗೆದೆ. 2019, ಆಗಸ್ಟ್: ‘ಹಿಂಬದಿ ಕಾಂಪೌಂಡು, ಭದ್ರತೆ ಸಲುವಾಗಿ, 3,40,000.’ ನನ್ನದೇ ಅಕ್ಷರ.

ಮನವಿಯನ್ನು ಹೀಗೆ ತಿದ್ದಿದ್ದೀನಿ. ಒಂದು: ಸರ್ಕಲ್ಲಿನಲ್ಲೂ ನಮ್ಮ ಸ್ಟಾಪಿನಲ್ಲೂ ದಾಟೋ ಸಿಗ್ನಲ್. ಎರಡು: ಕಗ್ಗಲೀಪುರ, ರೇಷ್ಮೆ ಸಂಸ್ಥೆ ಸಣ್ಣ ಟ್ರಿಪ್, ನಾಲ್ಕು ಗಾಡಿ, ತಿರುಗೋ ಜಾಗ, ಶೌಚಾಲಯ. ಮೂರು: ರಸ್ತೆ ಅಗಲ ಮಾಡುವುದಾದರೆ ಸೇವಾ ರಸ್ತೆ ಸಹಿತ ಮಾತ್ರ, ಮತ್ತು 3ಎ ನೋಟಿಸಿನ ಪ್ರತಿ ಗ್ರಾಮ ಪಂಚಾಯ್ತಿ ಬಾಗಿಲಿಗೆ ಕನ್ನಡದಲ್ಲಿ ಅಂಟಿಸಬೇಕು. ಮೆಟ್ರೊ ನಾಲ್ಕನೇದಕ್ಕೆ ಹೋಯ್ತು. ಕಾರ್ಯದರ್ಶಿ ಮುಖ ಸಣ್ಣದು ಮಾಡಿಕೊಂಡ, ಆಮೇಲೆ ನನ್ನ ಡೈರಿಯನ್ನು ಟೈಪ್ ಮಾಡಿಕೊಡ್ತೀನಿ ಅಂತ ತಾನೇ ಇಸಕೊಂಡು ಹೋದ.

ಸ್ವಾಮಿಯಣ್ಣ, ಒಂದು ಕೇಳಬೇಕಿತ್ತು. ಆ ಬಂಡಿದಾರಿ ಶಾಲೆ ಹಿಂದೆ ಸ್ವಲ್ಪ ಅಗಲವಾಗುತ್ತೆ, ಅಲ್ಲೊಂದು ಖಾಲಿ ಗೋಮಾಳದ ತುಂಡಿದೆ. ಬಸ್ಸು ತಿರುಗೋಕೆ ಎಷ್ಟು ಅಡಿ ಬೇಕು? ಟೇಪು ಹಿಡಿದು ಅಳೆದು ಹೇಳ್ತೀನಿ.

ಗೋಡೆ ವಿಷಯ ಮನವಿಯಲ್ಲಿ ಬರೆದಿಲ್ಲ, ಅದು ನಾವೇ ತೆಗೆಯಬೇಕಾದ್ದು. ನಾಳೆ ಸಭೆಯಲ್ಲಿ ಎತ್ತುತ್ತೀನಿ. ಕಾಫಿ, ಬೋಂಡಾ ಎಲ್ಲ ಆದಮೇಲೆ.